ಇಲ್ಲದ ರಾಗಿಯ ಬೆಲೆ

ಮುಳಬಾಗಿಲು
4-11-1974, ಸೋಮವಾರ

ಪ್ರೀತಿಯ ಕದಿರೇಶನಿಗೆ ನಿನ್ನ ಅತ್ತಿಗೆಯ ಆಶೀರ್ವಾದಗಳು.

ಹೇಗಿದ್ದೀಯಪ್ಪಾ? ಯುಗಾದಿಗೆ ನೀನು ಬರೆದ ಕಾರ್ಡು ಬಂದಮೇಲೆ ಮತ್ತೆ ನಿನ್ನ ಅಕ್ಷರ ಕಂಡಿಲ್ಲ. ಅದರಲ್ಲಿ ಕೆಮ್ಮು ಬಿಡುತ್ತಿಲ್ಲ ಎಂದು ಬರೆದಿದ್ದೆ, ವಾಸಿಯಾಯಿತೇ? ಬೆಳಗಿನಿಂದ ಸಂಜೆಯವರೆಗೆ ಮಂಡಿಯ ದೂಳಿನಲ್ಲಿ ಕೂತು ಲೆಕ್ಕ ಬರೆಯುವವನು ನೀನು. ನಾಚಿಕೆಪಡದೆ ಮೂಗಿಗೆ ಒಂದು ಬಟ್ಟೆ ಕಟ್ಟಿಕೋ. ದಾವಣಗೆರೆಯ ಖಾನಾವಳಿಯ ರೊಟ್ಟಿ ಈಗಲಾದರೂ ಹೊಟ್ಟೆಗೆ ಒಗ್ಗಿತೋ ಇಲ್ಲವೋ. ಇಲ್ಲಿ ಮುದ್ದೆ ಕಟ್ಟುವಾಗಲೆಲ್ಲ ಕೈ ತಾನಾಗಿಯೇ ಮೂರನೆಯ ಮುದ್ದೆಗೆ ಹೋಗುತ್ತದೆ, ಆಮೇಲೆ ನೆನಪಾಗಿ ಹಿಟ್ಟನ್ನು ಎರಡು ಮುದ್ದೆಗೇ ಸೇರಿಸುತ್ತೇನೆ. ನೀನು ನನ್ನ ಹೊಟ್ಟೆಯಲ್ಲಿ ಹುಟ್ಟಲಿಲ್ಲ ನಿಜ. ಆದರೆ ನಾನು ಈ ಮನೆಗೆ ಬಂದಾಗ ನಿನಗಿನ್ನೂ ಹಾಲುಹಲ್ಲು ಬಿದ್ದಿರಲಿಲ್ಲ. ನಿನಗೆ ಜಡೆ ಹಾಕಿ ಹೂ ಮುಡಿಸಿ ಬೀದಿಯವರಿಗೆಲ್ಲ ತೋರಿಸಿದವಳು ನಾನು. ಆದ್ದರಿಂದ ಇಷ್ಟು ದಿನ ಕಾಗದ ಬರೆಯದೆ ಇದ್ದೀಯಲ್ಲ ಎಂದು ಬೈಯುವ ಹಕ್ಕು ನನಗಿದೆ, ಆದರೆ ಇವತ್ತು ಬೈಯುವುದಿಲ್ಲ.

ಈ ಕಾಗದ ಬರೆಯಲು ಹೇಳಿದವರು ನಿಮ್ಮಣ್ಣನೇ. ಆಶ್ಚರ್ಯಪಡಬೇಡ. ಅವರು ಪಡಸಾಲೆಯ ಮಂಚದ ಮೇಲೆ ಮಲಗಿದ್ದಾರೆ, ನಾನು ಕಂಬಕ್ಕೆ ಒರಗಿ ಕೂತು ಬರೆಯುತ್ತಿದ್ದೇನೆ. ಒಂದೊಂದು ಹಾಳೆ ಮುಗಿದಾಗಲೂ ಓದಿ ಹೇಳಬೇಕೆಂದು ಕಟ್ಟು ಮಾಡಿದ್ದಾರೆ. ಸೊಂಟಕ್ಕೆ ಪೆಟ್ಟಾಗಿದೆ. ಗಾಬರಿಯಾಗಬೇಡ, ಡಾಕ್ಟರು ಬಂದು ನೋಡಿಕೊಂಡು ಹೋಗುತ್ತಿದ್ದಾರೆ, ದೀಪಾವಳಿಯ ಹೊತ್ತಿಗೆ ಎದ್ದು ಓಡಾಡುತ್ತಾರಂತೆ. ಪೆಟ್ಟು ಹೇಗಾಯಿತು, ಅಂಗಡಿಗೆ ಯಾಕೆ ಬೀಗ ಬಿದ್ದಿದೆ ಎನ್ನುವುದನ್ನೆಲ್ಲ ನಿನಗೆ ಬೇರೆ ಯಾರೋ ಹೇಳುವ ಮೊದಲು ನಾವೇ ಹೇಳಬೇಕೆಂದು ಅವರ ಆಸೆ.

ನೀನು ಮನೆ ಬಿಟ್ಟ ದಿನದ ಮಾತನ್ನು ಮತ್ತೆ ಎತ್ತುತ್ತೇನೆಂದು ಬೇಸರಪಡಬೇಡ. ಅದನ್ನು ಹೇಳದೆ ಇದನ್ನು ಹೇಳಲಾಗುವುದಿಲ್ಲ. ಎರಡು ವರ್ಷದ ಹಿಂದಿನ ಶ್ರಾವಣದಲ್ಲಿ ನಿಮ್ಮಣ್ಣ ಕೋಲಾರಕ್ಕೆ ಹೋಗಿದ್ದಾಗ ನೀನು ರಾಗಿಯ ಮೇಲೆ ಸೇರಿಗೆ ನಾಲ್ಕಾಣೆ ಏರಿಸಿದೆ. ಅವರು ಬಂದು ಗಿರಾಕಿಗಳ ಎದುರಿಗೇ, "ಹಸಿವಿನ ಮೇಲೆ ಲಾಭ ಹುಡುಕೋನು ನನ್ನ ತಕ್ಕಡಿ ಮುಟ್ಟಬಾರದು" ಎಂದರು. ನೀನು ತಲೆ ತಗ್ಗಿಸಿಕೊಂಡೇ ಹೇಳಿದ್ದು ನನಗೆ ಇವತ್ತಿಗೂ ಕೇಳಿಸುತ್ತದೆ. "ರೇಟು ನಾನು ಮಾಡಿದ್ದಲ್ಲಣ್ಣಾ, ನೀನು ಮಾಡೋದೂ ಅಲ್ಲ. ಊರಲ್ಲಿ ರಾಗಿ ಎಷ್ಟಿದೆ, ಬೇಕು ಅನ್ನೋರು ಎಷ್ಟು ಜನ ಇದ್ದಾರೆ, ಅದು ಮಾಡುತ್ತೆ. ಹಳೇ ರೇಟು ಅಂತ ನೀನು ಹಟ ಹಿಡಿದರೆ ರಾಗಿ ಅಂಗಡಿ ಬಿಟ್ಟು ಓಡಿಹೋಗುತ್ತೆ." ಅಷ್ಟು ಹೇಳಿ ಸಂಜೆಯ ಬಸ್ಸಿಗೆ ಹೊರಟುಹೋದೆ. ನಾನು ಕಟ್ಟಿದ ಬುತ್ತಿಯನ್ನೂ ತೆಗೆದುಕೊಳ್ಳಲಿಲ್ಲ.

ಈ ವರ್ಷ ಏನಾಯಿತೆಂದರೆ, ಹೋದ ಸಲದ ಬೆಳೆ ಅರ್ಧಕ್ಕರ್ಧ ಕೈಕೊಟ್ಟಿತ್ತಲ್ಲ, ಯುಗಾದಿ ಕಳೆಯುವುದರೊಳಗೆ ಹಳ್ಳಿಗಳಲ್ಲಿ ಕಣಜ ಬರಿದಾಯಿತು. ಪ್ರತಿ ವರ್ಷ ಗಾಡಿಯಲ್ಲಿ ರಾಗಿ ಹೇರಿಕೊಂಡು ಮಾರಲು ಬರುತ್ತಿದ್ದವರೇ ಖಾಲಿ ಚೀಲ ಹೆಗಲಿಗೆ ಹಾಕಿಕೊಂಡು ಕೊಳ್ಳಲು ಬಂದರು. ಹಾಸನ, ತುಮಕೂರಿನ ಕಡೆಯಿಂದ ಬರುತ್ತಿದ್ದ ಲಾರಿಗಳು ದಾರಿಯಲ್ಲೇ ಎಲ್ಲೋ ಹೆಚ್ಚಿನ ಬೆಲೆ ಸಿಕ್ಕಿದ ಕಡೆ ಇಳಿಸಿ ಹಿಂದಕ್ಕೆ ಹೋಗುತ್ತಿದ್ದವಂತೆ. ಶಿವರಾತ್ರಿಯಲ್ಲಿ ಸೇರಿಗೆ ಒಂದು ರೂಪಾಯಿ ಇದ್ದದ್ದು ಆಷಾಢದಲ್ಲಿ ಒಂದೂಕಾಲು ಆಯಿತು, ಗೌರಿ ಹಬ್ಬದ ಹೊತ್ತಿಗೆ ಉಳಿದ ಅಂಗಡಿಗಳಲ್ಲಿ ಎರಡು ದಾಟಿತು. ನಿಮ್ಮಣ್ಣ ಸುಗ್ಗಿಯಲ್ಲಿ ಕೊಂಡು ಒಟ್ಟಿಸಿದ್ದ ಮೂವತ್ತು ಮೂಟೆ ನಮ್ಮ ಅಂಗಡಿಯಲ್ಲಿತ್ತು. ಊರಿನಲ್ಲಿ ಅಷ್ಟು ರಾಗಿ ಇನ್ನು ಯಾರ ಹತ್ತಿರವೂ ಇರಲಿಲ್ಲ. ಅವರು ಒಂದೂಕಾಲಿನ ಮೇಲೆ ಒಂದು ಪೈಸೆ ಏರಿಸಲಿಲ್ಲ. "ನಾನು ಕೊಂಡ ರೇಟು ಏರಿಲ್ಲ, ಮಾರೋ ರೇಟು ಯಾಕೆ ಏರಬೇಕು?" ಎಂದರು. ಕದಿರೇಶಾ, ಆ ಮಾತು ಕೇಳಿ ನನಗೆ ಹೆಮ್ಮೆಯಾಯಿತು. ಇಂಥವರ ಕೈ ಹಿಡಿದೆನಲ್ಲ ಎಂದು ದೇವರ ಮುಂದೆ ಎರಡು ದೀಪ ಹೆಚ್ಚಿಗೆ ಹಚ್ಚಿದೆ.

ಸುದ್ದಿ ಹರಡಿತು. ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ಸಾಲು ಸೋಮೇಶ್ವರನ ಗುಡಿಯ ಬೀದಿಯ ತಿರುವಿನವರೆಗೆ ಬೆಳೆದಿರುತ್ತಿತ್ತು. ಮೂಟೆ ಹೊರುವ ನಮ್ಮ ಸೊಣ್ಣಪ್ಪನಿಗೆ ಬೆನ್ನು ನೆಟ್ಟಗೆ ಮಾಡುವಷ್ಟು ಬಿಡುವಿಲ್ಲ. ನಿಮ್ಮಣ್ಣ ಅಳೆದರು, ಅಳೆದರು, ಊಟಕ್ಕೂ ಏಳದೆ ಅಳೆದರು. ಜನ ಕೈಯೆತ್ತಿ ಮುಗಿದು ಹೋಗುತ್ತಿದ್ದರು, ಕೆಲವರು ಹೊಸಿಲಿಗೆ ಹಣೆ ಮುಟ್ಟಿಸುತ್ತಿದ್ದರು. ನಾನು ಒಳಬಾಗಿಲಿನಲ್ಲಿ ನಿಂತು ನೋಡುತ್ತಿದ್ದೆ. ಮೊದಲು ಕಂಡದ್ದು ನಮ್ಮ ಎದುರುಮನೆಯ ಅನಸೂಯಮ್ಮ. ಅವರ ಅಟ್ಟದ ಮೇಲೆ ರಾಗಿ ಇರುವುದು ನನಗೆ ಗೊತ್ತು, ನಾವಿಬ್ಬರೂ ಸೇರಿಯೇ ಬೇವಿನೆಲೆ ಹಾಕಿ ಇಟ್ಟಿದ್ದೆವು. ಆದರೂ ಮೂರು ಸಲ ಸಾಲಿನಲ್ಲಿ ನಿಂತರು. ನಾನು ಕೇಳಿದರೆ, "ಇಷ್ಟು ಕಮ್ಮಿಗೆ ಸಿಗುವಾಗ ಇಟ್ಕೊಳ್ಳೋಣ ಅಂತ ಕಣೇ ಶ್ಯಾಮಲಾ, ಮುಂದಿನ ತಿಂಗಳು ಹೆಂಗೋ ಏನೋ" ಎಂದು ಚೀಲವನ್ನು ಸೆರಗಿನಿಂದ ಮುಚ್ಚಿಕೊಂಡರು. ಕೆಟ್ಟವರಲ್ಲ ಅವರು. ಅವರ ಜಾಗದಲ್ಲಿದ್ದಿದ್ದರೆ ನಾನೂ ನಿಲ್ಲುತ್ತಿದ್ದೆನೋ ಏನೋ.

ಆಮೇಲೆ ಗುರುತಿಲ್ಲದ ಮುಖಗಳು ಬರತೊಡಗಿದವು. ಗಟ್ಟಿಮುಟ್ಟಾದ ಹೆಂಗಸರು, ಎಲ್ಲರ ಕೈಯಲ್ಲೂ ಒಂದೇ ಥರದ ಹೊಸ ಚೀಲ. ಬೆಳಿಗ್ಗೆ ಬಂದವಳು ಮಧ್ಯಾಹ್ನ ತಲೆಗೆ ಸೆರಗು ಹೊದ್ದು ಮತ್ತೆ ಬರುತ್ತಾಳೆ. ಒಬ್ಬಳನ್ನು ಯಾವ ಊರಮ್ಮಾ ಎಂದು ಕೇಳಿದೆ. "ಮಾದಿ ನಂಗಲಿ ಅಕ್ಕಾ" ಎಂದು ತೆಲುಗಿನಲ್ಲಿ ಹೇಳಿದಳು, ನಮ್ಮದು ನಂಗಲಿ ಎಂದು. ಎರಡು ಸೇರು ರಾಗಿಗಾಗಿ ನಂಗಲಿಯಿಂದ ಬಸ್ ಚಾರ್ಜು ಕೊಟ್ಟುಕೊಂಡು ಯಾರು ಬರುತ್ತಾರೆ? ಊಟಕ್ಕೆ ಬಡಿಸುವಾಗ ನಿಮ್ಮಣ್ಣನಿಗೆ ಹೇಳಿದೆ, ಬರುತ್ತಿರುವವರು ನಮ್ಮವರಲ್ಲ, ಯಾರೋ ಕಳಿಸುತ್ತಿದ್ದಾರೆ ಎಂದು. ಅವರು ತುತ್ತು ಹಿಡಿದುಕೊಂಡೇ ನನ್ನನ್ನು ನೋಡಿ, "ಯಾಕೆ, ನಂಗಲಿಯೋರಿಗೆ ಹೊಟ್ಟೆ ಇಲ್ವೇನೇ? ಹಸಿದು ಬಂದೋರ ಮುಖ ನೋಡಿ ಊರು ಯಾವುದು, ಕೇರಿ ಯಾವುದು ಅಂತ ಕೇಳ್ಲಾ?" ಎಂದರು. ವಾರ ತುಂಬುವುದರೊಳಗೆ ಮೂವತ್ತು ಮೂಟೆಯೂ ಮುಗಿಯಿತು. ಸೊಣ್ಣಪ್ಪ ಖಾಲಿ ಗೋಣಿಗಳನ್ನು ಒಂದರ ಮೇಲೊಂದು ಮಡಿಸಿ ಇಟ್ಟ. ನಿಮ್ಮಣ್ಣ ಅಂಗಡಿ ಗುಡಿಸಿ, ಕೈಕಾಲು ತೊಳೆದುಕೊಂಡು, "ಈ ಸಲದ ಬರಗಾಲ ನಮ್ಮ ಬೀದಿಗೆ ಬರಲಿಲ್ಲ ನೋಡು" ಎಂದು ನನಗೆ ಹೇಳಿದರು. ಆ ಮುಖದ ತೃಪ್ತಿಯನ್ನು ನಾನು ಮರೆಯಲಾರೆ.

ಮಾರನೆಯ ದಿನ ಸಂತೆ. ಬೈರಮ್ಮ ಬಂದಳು. ಆವನಿ ಕಡೆಯ ಬೈರಮ್ಮನನ್ನು ನೀನು ಮರೆತಿರಲಾರೆ; ಮುತ್ತುಗದ ಎಲೆಯ ಕಟ್ಟು ಹೊತ್ತುಕೊಂಡು ಬರುವವಳು, ಸೀತಾಫಲದ ಕಾಲದಲ್ಲಿ ನಿನಗೆಂದೇ ಮಡಿಲಿನಲ್ಲಿ ಎರಡು ಹಣ್ಣು ತರುತ್ತಿದ್ದಳಲ್ಲ, ಅವಳು. ಅವಳ ಮಗಳಿಗೆ ಗಣೇಶನ ಹಬ್ಬ ಕಳೆದಮೇಲೆ ಹೆಣ್ಣುಮಗು ಹುಟ್ಟಿತ್ತು. ಅಳಿಯ ಕೂಲಿ ಹುಡುಕಿಕೊಂಡು ಮಾಲೂರಿನ ಹೆಂಚಿನ ಭಟ್ಟಿಗೆ ಹೋದವನು ಒಂದು ಕಾಸೂ ಕಳಿಸಿರಲಿಲ್ಲ. ಬೈರಮ್ಮನ ಕೈಗೆ ದುಡ್ಡು ಬರುವುದು ಸಂತೆಯ ದಿನ ಎಲೆ ಮಾರಿದ ಮೇಲೆಯೇ. ಆದ್ದರಿಂದ ವಾರವೆಲ್ಲ ನಮ್ಮ ಬಾಗಿಲಿನಲ್ಲಿ ಸಾಲು ನಿಂತಿದ್ದಾಗ ಅವಳಿಗೆ ಬರುವುದಾಗಲಿಲ್ಲ. ಎಲೆ ಮಾರಿ, ದುಡ್ಡನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಬಂದು, "ಅಣ್ಣಾ, ನಾಕು ಸೇರು ಅಳಿ, ಮನೇಲಿ ಬಾಣಂತಿ ಅವ್ಳೆ" ಎಂದಳು. ನಿಮ್ಮಣ್ಣ ಖಾಲಿ ಗೋಣಿಗಳ ಕಡೆ ತಿರುಗಿ ನೋಡಿದರು. ನಾನು ಒಳಗಿನಿಂದ, ನಮ್ಮ ಹೊಲದ್ದು ಎಂದು ಮನೆಗೆ ಇಟ್ಟುಕೊಂಡಿದ್ದ ಮೂಟೆಯಿಂದ, ಎರಡು ಸೇರು ತಂದು ಅವಳ ಸೆರಗಿಗೆ ಹಾಕಿದೆ. ದುಡ್ಡು ಬೇಡವೆಂದೆವು.

ಆ ವಾರದಲ್ಲೇ ತಿಳಿಯಿತು. ಬಸ್ ಸ್ಟ್ಯಾಂಡಿನ ಪಕ್ಕದ ದೊಡ್ಡಮುನಿಯಪ್ಪನ ಅಂಗಡಿಯಲ್ಲಿ ರಾಗಿ ಸೇರಿಗೆ ಎರಡೂವರೆ. ಅಲ್ಲಿ ಮೂಟೆ ಇಳಿಸಲು ಹೋಗಿದ್ದ ಸೊಣ್ಣಪ್ಪ ಬಂದು ಹೇಳಿದ, ಎಲ್ಲ ನಮ್ಮದೇ ರಾಗಿ ಎಂದು. ಕೂಲಿ ಹೆಂಗಸರಿಗೆ ದುಡ್ಡು ಚೀಲ ಎರಡನ್ನೂ ಕೊಟ್ಟು ದೊಡ್ಡಮುನಿಯಪ್ಪನೇ ಕಳಿಸಿದ್ದನಂತೆ, ಸೇರಿಗೆ ಇಷ್ಟು ಎಂದು ಅವರಿಗೆ ಕೂಲಿ. ಕೊಂಡದ್ದರಲ್ಲಿ ಅರ್ಧ ನಂಗಲಿ ದಾಟಿ ಆಂಧ್ರದ ಕಡೆ ಹೋಗಿತ್ತು, ಅಲ್ಲಿ ಇನ್ನೂ ಹೆಚ್ಚು ಬೆಲೆಯಂತೆ. ಉಳಿದರ್ಧ ಇಲ್ಲಿ.

ಮುಂದಿನ ಸಂತೆಗೆ ಬೈರಮ್ಮ ಮತ್ತೆ ಬಂದಳು. ಇಲ್ಲಿಯವರೆಗೆ ಬರೆದದ್ದನ್ನು ಈಗ ಓದಿ ಹೇಳಿದೆ. ನಿಮ್ಮಣ್ಣ ಕಣ್ಣು ಮುಚ್ಚಿಕೊಂಡೇ, "ಬೈರಮ್ಮ ಆಡಿದ ಮಾತನ್ನ ಆಡಿದ ಹಾಗೇ ಬರಿ, ಒಂದಕ್ಷರ ಬದಲಾಯಿಸಬೇಡ" ಎಂದರು. ಹಾಗೆಯೇ ಬರೆಯುತ್ತೇನೆ. ಅವಳು ಕಟ್ಟೆಯ ಮೇಲೆ ಕೂತು, ಸೆರಗಿನ ಗಂಟನ್ನು ಬಿಚ್ಚದೆ ಬೆರಳಿನಲ್ಲಿ ತಿರುವುತ್ತಾ ಹೇಳಿದಳು: "ಅವ್ನ ಅಂಗ್ಡೀಲಿ ರಾಗಿ ಐತೆ ಅಣ್ಣಾ, ಎರಡೂವರೆ ರೂಪಾಯಿ. ನಿನ್ನ ಅಂಗ್ಡೀಲಿ ಒಂದೂಕಾಲು ರೂಪಾಯಿ, ರಾಗಿ ಇಲ್ಲ. ಇರೋ ರಾಗಿ ಕೊಳ್ಳೋಕೆ ನನ್ನ ಕೈಲಿ ಆಗಲ್ಲ. ಇಲ್ದಿರೋ ರಾಗಿಗೆ ನನ್ನ ಹತ್ರ ದುಡ್ಡೈತೆ. ನಾನು ಯಾವ್ದನ್ನ ಬೇಯಿಸ್ಲಿ?" ಸಿಟ್ಟಿನಿಂದ ಕೇಳಲಿಲ್ಲ ಕಣೋ ಅವಳು. ನಿಜವಾಗಿಯೂ ತಿಳಿದುಕೊಳ್ಳಲೆಂದೇ ಕೇಳಿದಳು. ಮಗಳಿಗೆ ಹಾಲು ಬತ್ತುತ್ತಿದೆ, ತೆಳ್ಳಗೆ ಅಂಬಲಿ ಕಾಸಿ ಕುಡಿಸುತ್ತಿದ್ದೇನೆ, ಮಗು ಅಳುವುದನ್ನೂ ಕಡಿಮೆ ಮಾಡಿದೆ ಎಂದಳು. ನಿಮ್ಮಣ್ಣ ಎದ್ದು ನಿಂತು, "ಒಳಗಿನ ಮೂಟೆ ಬಿಚ್ಚೇ. ಅವಳು ಹೊರೋವಷ್ಟು ಅಳೆದು ಕೊಡು" ಎಂದರು. ನಾನು ಒಳಕೋಣೆಗೆ ಹೋಗಿ ಮೂಟೆಯ ಬಾಯಿ ಬಿಚ್ಚಿ ಸೇರು ಅದ್ದಿದ್ದೆ ಅಷ್ಟೇ, ಬೀದಿಯಲ್ಲಿ ಗದ್ದಲ ಕೇಳಿಸಿತು.

ಸಂತೆಯಲ್ಲಿ ಆ ದಿನ ರಾಗಿಗಾಗಿ ಬಂದವರೇ ಹೆಚ್ಚು. ದೊಡ್ಡಮುನಿಯಪ್ಪನ ಬೆಲೆ ಕೇಳಿ ಜನ ಕುದಿಯುತ್ತಿದ್ದರು. ಯಾರು ಹುಟ್ಟಿಸಿದರೋ ತಿಳಿಯದು, ಅಶ್ವತ್ಥಪ್ಪನ ಮನೆಯಲ್ಲಿ, ಅಂದರೆ ನಮ್ಮಲ್ಲಿ, ಇನ್ನೂ ಅಷ್ಟೇ ರಾಗಿ ಇದೆ, ಒಂದು ವಾರ ಕಡಿಮೆಗೆ ಮಾರಿ ಒಳ್ಳೆಯವನು ಅನ್ನಿಸಿಕೊಂಡ, ಉಳಿದದ್ದನ್ನು ದೀಪಾವಳಿಗೆ ಮೂರು ರೂಪಾಯಿಗೆ ಮಾರಲು ಬಚ್ಚಿಟ್ಟಿದ್ದಾನೆ ಎಂದು ಮಾತಾಯಿತು. ಮೂವತ್ತು ಮೂಟೆ ಒಂದು ವಾರದಲ್ಲಿ ಖಾಲಿಯಾಯಿತು ಎಂದರೆ ಯಾರು ನಂಬುತ್ತಾರೆ? ಬಂದವರಲ್ಲಿ ಮೊನ್ನೆ ಮೊನ್ನೆ ಹೊಸಿಲಿಗೆ ಹಣೆ ಮುಟ್ಟಿಸಿದವರೂ ಇದ್ದರು. ನಿಮ್ಮಣ್ಣ ಹೆದರಲಿಲ್ಲ. ಅಂಗಡಿಯ ಹಲಗೆಗಳನ್ನೆಲ್ಲ ತಾವೇ ತೆಗೆದು, "ಬನ್ನಿ, ಒಳಗೆ ಬಂದು ನೋಡ್ಕೊಳ್ಳಿ. ಏನೂ ಇಲ್ಲ" ಎಂದರು. ನೋಡಿದರು. ಇರಲಿಲ್ಲ. ಕೆಲವರು ತಿರುಗಿ ಹೊರಟೂ ಹೊರಟಿದ್ದರು. ಅಷ್ಟರಲ್ಲಿ ಯಾರೋ ಒಬ್ಬ ಒಳಕೋಣೆಗೆ ನುಗ್ಗಿದ, ಅಲ್ಲಿ ನಾನು, ಬಾಯಿ ಬಿಚ್ಚಿದ ಮೂಟೆ, ಕೈಯಲ್ಲಿ ಸೇರು. "ಇಲ್ಲೈತೆ ನೋಡ್ರಲೇ! ಬೇಕಾದೋರಿಗೆ ಒಳಗಿಂದ ಅಳೀತಾವ್ರೆ!" ಎಂದು ಕೂಗಿದ. ಕದಿರೇಶಾ, ನನ್ನ ಬಾಯಿಂದ ಒಂದು ಮಾತು ಹೊರಡಲಿಲ್ಲ. ಇದು ನಮ್ಮ ಮನೆಯದು, ಬಾಣಂತಿಗೆ ಕೊಡುತ್ತಿದ್ದೇನೆ ಎಂದು ಹೇಳಬೇಕಿತ್ತು. ಹೇಳಿದ್ದರೂ ಆ ಗದ್ದಲದಲ್ಲಿ ಕೇಳುವವರು ಇರಲಿಲ್ಲ.

ನಿಮ್ಮಣ್ಣ ಜನರ ನಡುವೆ ದಾರಿ ಮಾಡಿಕೊಂಡು ಬಂದು ನನ್ನ ಕೈಯಿಂದ ಸೇರು ತೆಗೆದುಕೊಂಡರು. "ನೂಕಬೇಡಿ. ಇದು ಮನೇದು, ಇರಲಿ, ಅಳೆದು ಕೊಡ್ತೀನಿ. ಸಾಲಾಗಿ ನಿಲ್ರಪ್ಪಾ, ಎಲ್ಲಾರ್ಗೂ ಒಂದೊಂದು ಸೇರು ಬರುತ್ತೆ" ಎಂದು ಹೇಳುತ್ತಲೇ ಇದ್ದರು. ಮೊದಲು ಬಂದವನಿಗೆ ಒಂದು ಸೇರು ಅಳೆದೂ ಕೊಟ್ಟರು. ಆಮೇಲೆ ಮೂಟೆಯನ್ನು ಆ ಕಡೆ ನಾಲ್ಕು ಜನ ಈ ಕಡೆ ನಾಲ್ಕು ಜನ ಹಿಡಿದೆಳೆದರು. ಗೋಣಿ ಹರಿದು ರಾಗಿ ನೆಲದ ಮೇಲೆಲ್ಲ ಚೆಲ್ಲಿತು. ಕಲ್ಲುಚಪ್ಪಡಿಯ ಮೇಲೆ ರಾಗಿ ಚೆಲ್ಲಿದರೆ ಎಷ್ಟು ಜಾರುತ್ತದೆ ನಿನಗೆ ಗೊತ್ತಲ್ಲ. ನಿಮ್ಮಣ್ಣ ಕಾಲು ಜಾರಿ ಮೆಟ್ಟಿಲಿನ ಅಂಚಿಗೆ ಸೊಂಟ ಬಡಿದು ಬಿದ್ದರು. ಅವರ ಸುತ್ತಲೂ ಜನ ಮೊಣಕಾಲೂರಿ ಟವೆಲಿಗೆ, ಪಂಚೆಗೆ, ಸೆರಗಿಗೆ ಮಣ್ಣುಸಹಿತ ರಾಗಿ ಗೋರಿಕೊಳ್ಳುತ್ತಿದ್ದರು. ಯಾರೂ ಅವರನ್ನು ಹೊಡೆಯಲಿಲ್ಲ, ಅದನ್ನು ನಾನು ಹೇಳಲೇಬೇಕು. ಯಾರೂ ಅವರನ್ನು ನೋಡಲೂ ಇಲ್ಲ. ಬೈರಮ್ಮ ಒಬ್ಬಳು ಹೊರಗಿನಿಂದ ತೂರಿಕೊಂಡು ಬಂದು ಅವರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಳು. ಅವಳ ಕೈಗೆಟಕುವಷ್ಟು ಹತ್ತಿರದಲ್ಲೇ ರಾಗಿ ಬಿದ್ದಿತ್ತು. ಅವಳು ಬಗ್ಗಿ ಒಂದು ಹಿಡಿ ಬಾಚಿಕೊಳ್ಳಲಿಲ್ಲ, ತಲೆ ಅಲುಗಬಾರದೆಂದು.

ಸೊಣ್ಣಪ್ಪ ವ್ಯಾನೊಂದನ್ನು ಗೊತ್ತುಮಾಡಿಕೊಂಡು ಬಂದ, ಕೋಲಾರದ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಗಲಾಟೆಯ ಸುದ್ದಿ ಕೇಳಿ ದೊಡ್ಡಮುನಿಯಪ್ಪ ಹೆದರಿ ಬಾಗಿಲು ಹಾಕಿಕೊಂಡನಂತೆ, ಉಳಿದವರೂ ಹಾಕಿದರಂತೆ. ಆ ದಿನ ಮುಳಬಾಗಿಲಿನಲ್ಲಿ ಒಂದೂಕಾಲಿಗೂ ರಾಗಿ ಇಲ್ಲ, ಎರಡೂವರೆಗೂ ಇಲ್ಲ, ಹತ್ತು ರೂಪಾಯಿ ಕೊಡುತ್ತೇನೆಂದರೂ ಇಲ್ಲ. ಬೈರಮ್ಮ ಕಟ್ಟಿದ ಗಂಟನ್ನು ಹಾಗೆಯೇ ಕಟ್ಟಿಕೊಂಡು ಆವನಿಗೆ ನಡೆದುಹೋದಳು. ಅದು ನಮಗೆ ಆಮೇಲೆ ತಿಳಿದದ್ದು. ಆಸ್ಪತ್ರೆಯಲ್ಲಿದ್ದಷ್ಟು ದಿನವೂ ನನಗೆ ಅವಳ ನೆನಪೇ ಬರಲಿಲ್ಲ.

ಮನೆಗೆ ಬಂದಮೇಲೆ ಒಂದು ಮಧ್ಯಾಹ್ನ ದೊಡ್ಡಮುನಿಯಪ್ಪ ಬಂದ. ಒಂದು ಚೀಲ ರಾಗಿಯನ್ನು ತಾನೇ ಹೊತ್ತುಕೊಂಡು ಬಂದು ಮಂಚದ ಪಕ್ಕ ಇಳಿಸಿದ. ನನಗೆ ಮೈಯೆಲ್ಲ ಉರಿಯಿತು, ಆದರೆ ಮನೆಗೆ ಬಂದವನನ್ನು ಏನು ಮಾಡಲಿ. ಅವನ ಕಣ್ಣಲ್ಲಿ ನೀರಿತ್ತು. "ನಾನು ಕದ್ದಿಲ್ಲ ಅಶ್ವತ್ಥಪ್ಪಾ. ನೀನು ಮಾರಿದೆ, ನಾನು ಕೊಂಡೆ" ಎಂದ. "ನೀನು ಎಲ್ಲಾರ್ಗೂ ಸಿಗಲಿ ಅಂತ ಕಮ್ಮಿಗಿಟ್ಟೆ, ವಾರದಲ್ಲಿ ಮುಗೀತು. ನಾನು ಜಾಸ್ತಿಗಿಟ್ಟೆ, ಜನ ಬೈಕೊಂಡು ಅಳತೆಯಾಗಿ ಕೊಂಡ್ರು, ನನ್ನ ಅಂಗ್ಡೀಲಿ ಇವತ್ತಿಗೂ ಐತೆ. ನಾನು ಮಾಡಿದ್ದು ಸರಿ ಅಂತ ಹೇಳೋಕೆ ಬಂದಿಲ್ಲ. ನೀನು ಹಿಂಗೆ ಬೀಳ್ತೀಯ ಅಂತ ಗೊತ್ತಿರಲಿಲ್ಲ." ನಿಮ್ಮಣ್ಣ ನನ್ನ ಕಡೆ ತಿರುಗಿ, "ಅವನಿಗೆ ಮಜ್ಜಿಗೆ ಕೊಡು" ಎಂದರು. ಅವನು ಕುಡಿದು ಹೋದಮೇಲೆ, "ಆ ಚೀಲಾನ ಸೊಣ್ಣಪ್ಪನ ಕೈಲಿ ಬೈರಮ್ಮಂಗೆ ಕಳಿಸು" ಎಂದರು.

ಸೊಣ್ಣಪ್ಪ ಸೈಕಲ್ಲಿಗೆ ಚೀಲ ಕಟ್ಟಿಕೊಂಡು ಹೋದ. ಬಂದವನು ಒಳಗೆ ಬರದೆ ನನ್ನನ್ನು ಹಿತ್ತಿಲಿಗೆ ಕರೆದು ಹೇಳಿದ, ಮಗು ಮಹಾಲಯ ಅಮಾವಾಸ್ಯೆಗೆ ಮೊದಲೇ ಹೋಯಿತಂತೆ. ಹಾಲಿಲ್ಲದೆ ಸೊರಗಿ ಸೊರಗಿ, ಕೊನೆಗೆ ಒಂದು ಬೆಳಿಗ್ಗೆ ಏಳಲಿಲ್ಲವಂತೆ. ನಿಮ್ಮಣ್ಣನಿಗೆ ಈಗ ಹೇಳುವುದು ಬೇಡವೆಂದು ನಾವಿಬ್ಬರೂ ಅಂದುಕೊಂಡೆವು. ಆದರೆ ಅವರು ಒಳಗಿನಿಂದಲೇ, "ಸೊಣ್ಣಪ್ಪಾ, ಮಗು ಹೆಂಗಿದೆಯಂತೆ?" ಎಂದು ಕೂಗಿ ಕೇಳಿದರು. ಸೊಣ್ಣಪ್ಪನಿಗೆ ಸುಳ್ಳು ಹೇಳಲು ಬರುವುದಿಲ್ಲ. ಸುಮ್ಮನೆ ಬಾಗಿಲಿನಲ್ಲಿ ಹೋಗಿ ನಿಂತ. ಅವನು ನಿಂತದ್ದನ್ನು ನೋಡಿಯೇ ಅವರಿಗೆ ಗೊತ್ತಾಯಿತು.

ಆಮೇಲಿನ ಸಂತೆಗೆ ಬೈರಮ್ಮ ಬಂದಳು. ಸೊಂಟಕ್ಕೆ ಕಟ್ಟಲೆಂದು ಎಕ್ಕದ ಎಲೆ ತಂದಿದ್ದಳು. ಅದನ್ನು ಬಿಸಿ ಮಾಡಿ ಹೇಗೆ ಹಾಕಬೇಕೆಂದು ನನಗೆ ತೋರಿಸಿಕೊಟ್ಟಳು. ನಿಮ್ಮಣ್ಣನ ಹತ್ತಿರ ಕೂತು, "ನಿನ್ನ ರಾಗಿ ಬಂತಣ್ಣಾ. ಮಗಳು ಮುದ್ದೆ ತಿಂತಾವ್ಳೆ, ಮೈ ಕೈಗೆ ಶಕ್ತಿ ಬಂದೈತೆ" ಎಂದಳು. ಮಗುವಿನ ಮಾತೆತ್ತಲಿಲ್ಲ. ನಿಮ್ಮಣ್ಣ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡರು. ಅವಳು ಅವರ ಬೆನ್ನನ್ನೇ ನೋಡುತ್ತಾ ಸ್ವಲ್ಪ ಹೊತ್ತು ಕೂತಿದ್ದು ಎದ್ದುಹೋದಳು.

ಈಗ ಬೆಲೆ ಇಳಿಯುತ್ತಿದೆ ಕದಿರೇಶಾ. ಹಿಂಗಾರು ಚೆನ್ನಾಗಿ ಹಿಡಿದು ಹೊಲಗಳೆಲ್ಲ ತೆನೆ ಕಟ್ಟಿವೆ. ಇನ್ನೂ ಕುಡುಗೋಲು ಮುಟ್ಟಿಲ್ಲ, ಒಂದು ಕಾಳು ಮನೆಗೆ ಬಂದಿಲ್ಲ, ಬೆಳೆ ಚೆನ್ನಾಗಿದೆ ಎಂಬ ಸುದ್ದಿಗೇ ದೊಡ್ಡಮುನಿಯಪ್ಪ ಎರಡೂವರೆಯಿಂದ ಒಂದೂಮುಕ್ಕಾಲಿಗೆ ಬಂದಿದ್ದಾನೆ. ಮುಚ್ಚಿಟ್ಟುಕೊಂಡವರೆಲ್ಲ ಈಗ ಹೊರಗೆ ತೆಗೆಯುತ್ತಿದ್ದಾರೆ. ಅನಸೂಯಮ್ಮ ಕೂಡ ಅಟ್ಟದಿಂದ ಇಳಿಸಿದ್ದಾರೆ; ದಿನಾ ಬೆಳಿಗ್ಗೆ ನಿಮ್ಮಣ್ಣನಿಗೆ ಅಂಬಲಿ ಕಾಸಿ ತಂದುಕೊಟ್ಟು, ನನ್ನ ಮುಖ ನೋಡದೆ ಹೋಗುತ್ತಾರೆ. ಬೆಲೆ ಇಳಿದ ವಿಷಯ ಸೊಣ್ಣಪ್ಪ ಹೇಳಿದಾಗ ನಿಮ್ಮಣ್ಣ, "ಇನ್ನೂ ಕೊಯ್ಲೇ ಆಗಿಲ್ವಲ್ಲೋ" ಎಂದರು. ಸ್ವಲ್ಪ ಹೊತ್ತಾದಮೇಲೆ ನನ್ನನ್ನು ಕರೆದು, "ಕದಿರೇಶನಿಗೆ ಕಾಗದ ಬರಿ. ಅವನು ಹೇಳಿದ್ದೇ ಸರಿ ಅಂತ ಬರಿ. ಹಟ ಮಾಡಿದ್ದು ನಾನು" ಎಂದರು.

ಅವರು ಹೇಳಿದ್ದನ್ನು ಬರೆದಿದ್ದೇನೆ. ಆದರೆ ಅಷ್ಟನ್ನೇ ಬರೆದು ನಿಲ್ಲಿಸಲು ನನಗೆ ಮನಸ್ಸು ಬರುವುದಿಲ್ಲ. ರಾಗಿ ಓಡಿಹೋಗುತ್ತದೆ ಎಂದು ನೀನು ಹೇಳಿದ್ದು ನಿಜವೇ ಆಯಿತು. ನಿಮ್ಮಣ್ಣ ಬೆಲೆ ಏರಿಸಿದ್ದರೆ ನಂಗಲಿಯ ಚೀಲಗಳು ಬರುತ್ತಿರಲಿಲ್ಲ, ಅನಸೂಯಮ್ಮ ಮೂರು ಸಲ ನಿಲ್ಲುತ್ತಿರಲಿಲ್ಲ, ಮೂಟೆಗಳು ಉಳಿಯುತ್ತಿದ್ದವು. ಆದರೆ ಉಳಿದ ಆ ಮೂಟೆಗಳ ಮುಂದೆ ಬೈರಮ್ಮ ಅದೇ ಗಂಟು ಹಿಡಿದುಕೊಂಡು ನಿಂತಿರುತ್ತಿದ್ದಳು. ಅವಳಿಗೆ ನೀನು ಏನು ಹೇಳುತ್ತಿದ್ದೆ? ಚುಚ್ಚಲೆಂದು ಕೇಳುತ್ತಿಲ್ಲ ಮಗೂ. ಎಂಟನೇ ಕ್ಲಾಸು ಓದಿದವಳು ನಾನು, ನನಗೆ ಗೊತ್ತಿಲ್ಲ. ನೀನು ಮಂಡಿಯಲ್ಲಿ ದಿನಾ ಬೆಲೆ ಏರುವುದನ್ನೂ ಇಳಿಯುವುದನ್ನೂ ನೋಡುವವನು, ನಿನಗೇನಾದರೂ ತಿಳಿದಿರಬಹುದು ಎಂದು ಕೇಳುತ್ತಿದ್ದೇನೆ. ನಿಮ್ಮಣ್ಣ ಗುರುತು ಹಿಡಿದು ಕೊಡಬೇಕಿತ್ತೋ, ಬೈರಮ್ಮನಂಥವರಿಗೆಂದು ಎರಡು ಮೂಟೆ ತೆಗೆದಿಟ್ಟು ಉಳಿದದ್ದನ್ನು ಬಂದ ಬೆಲೆಗೆ ಮಾರಬೇಕಿತ್ತೋ, ನಿನಗೊಂದು ಕಾಗದ ಹಾಕಿ ಅಲ್ಲಿಂದ ನಾಲ್ಕು ಮೂಟೆ ಜೋಳ ತರಿಸಬೇಕಿತ್ತೋ. ಈಗ ಮಲಗಿದಲ್ಲೇ ಅವರಿಗೂ ಅದೇ ಯೋಚನೆ. ಇದನ್ನು ಓದಿ ಹೇಳಿದರೆ ಬೇಸರಪಡುತ್ತಾರೇನೋ ಎಂದು ಹೆದರುತ್ತಲೇ ಓದಿದೆ. "ಇರಲಿ, ಅದೂ ಇರಲಿ. ಹೊಡೆದು ಹಾಕಬೇಡ" ಎಂದರು.

ಸೊಣ್ಣಪ್ಪ ನಿನ್ನನ್ನು ಕೇಳಿದನೆಂದು ಬರೆಯಲು ಹೇಳಿದ್ದಾನೆ. ನಿಮ್ಮಣ್ಣ ನಿನಗೆ ಆಶೀರ್ವಾದ ಹೇಳಿದ್ದಾರೆ. ಬಾಯಿ ಬಿಟ್ಟು ಹೇಳಿದರು, ನಾನಾಗಿ ಸೇರಿಸಿದ್ದಲ್ಲ. ಬಿಸಿನೀರು ಕುಡಿ, ಕೆಮ್ಮಿಗೆ ಮೆಣಸು ಬೆಲ್ಲ ಕುಟ್ಟಿ ಇಟ್ಟುಕೋ. ಎಲ್ಲಿದ್ದರೂ ಹೊಟ್ಟೆ ತುಂಬ ಉಣ್ಣು, ದೇವರು ನಿನ್ನನ್ನು ಚೆನ್ನಾಗಿ ಇಟ್ಟಿರಲಿ.

ಇಂತು ನಿನ್ನ ಅತ್ತಿಗೆ
ಶ್ಯಾಮಲಮ್ಮ

ತಾ.ಕ.: ಇದನ್ನು ಅಂಚೆ ಕಚೇರಿಯ ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ, ಅವರಿಗೆ ಓದಿ ಹೇಳಿಲ್ಲ. ದೀಪಾವಳಿಗೆ ಎದ್ದು ಓಡಾಡುತ್ತಾರೆ ಎಂದದ್ದು ನಿಜವಲ್ಲ, ಅವರ ಕಿವಿಗೆಂದು ಬರೆದದ್ದು. ಮೂಳೆ ಕೂಡಿಲ್ಲ. ಮೂಳೆ ಕಟ್ಟುವವರಿರುವ ಆಂಧ್ರದ ಪುತ್ತೂರಿಗೆ ಕರೆದುಕೊಂಡು ಹೋಗಿ ಕಟ್ಟು ಹಾಕಿಸೋಣವೆಂದರೆ ಎತ್ತಿ ಕೂರಿಸುವಂತಿಲ್ಲ. ಬೆನ್ನೆಲ್ಲ ಹುಣ್ಣಾಗಿದೆ, ಜ್ವರ ಇಳಿಯುತ್ತಲೇ ಇಲ್ಲ, ಉಸಿರು ಗೊರಗುಟ್ಟುತ್ತಿದೆ. ಡಾಕ್ಟರು ನನ್ನನ್ನು ಹೊರಗೆ ಕರೆದು, ಬರಬೇಕಾದವರಿಗೆ ತಿಳಿಸಿಬಿಡಿ ಎಂದರು. ಬರಬೇಕಾದವರು ನೀನೊಬ್ಬನೇ ಕಣೋ. ತಂತಿ ಕೊಡಲು ಕೈ ಬರಲಿಲ್ಲ; ತಂತಿ ಎಂದರೆ ಮುಗಿದೇಹೋಯಿತು ಎಂದು ಅರ್ಥ, ಅದನ್ನು ಕೊಡುವ ದಿನ ಬರುವ ಮೊದಲು ಬಾ. "ಬಾ ಅಂತ ಬರೀಬೇಡ, ಅವನ ಕೆಲಸ ಹೋಗುತ್ತೆ" ಎಂದು ನನಗೆ ಆಣೆ ಹಾಕಿಸಿದವರು ನಿನ್ನೆ ಸೊಣ್ಣಪ್ಪನನ್ನು ಕರೆದು ಮಂಚವನ್ನು ಬೀದಿಬಾಗಿಲಿನ ಕಡೆಗೆ ತಿರುಗಿಸಿಕೊಂಡಿದ್ದಾರೆ. ಕೋಲಾರದ ಬಸ್ಸಿನ ಹಾರನ್ನು ಕೇಳಿಸಿದಾಗಲೆಲ್ಲ ಯಾರು ಇಳಿದರು ನೋಡು ಅನ್ನುತ್ತಾರೆ. ಡಬ್ಬಿ ತೆಗೆಯಲು ಅಂಚೆಯವನು ಬಂದ. ಓದಿದ ತಕ್ಷಣ ಹೊರಡು.